ಇಟ್ಟುಕೊಂಡರು

ಒಬ್ಬ ತಾಯಿಯ ಮಡಿಲಿನಿಂದ ಮಗಳನ್ನು ಕಿತ್ತವಳು ನಾನು. ಕೈಯಿಂದಲ್ಲ — ಒಂದು ಕ್ರಿಯಾಪದದಿಂದ. ಬರೆದವಳು ನಾನು, ಕೆಳಗೆ ಸಹಿ ಮಾಡಿದವಳು ನಾನು, ಕೋರ್ಟಿನಲ್ಲಿ ನಿಂತು ‘ಸರಿ ಐತಿ’ ಎಂದವಳೂ ನಾನೇ. ಮೂವತ್ತು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿದವಳು, ಆ ಶಬ್ದ ಏನು ಮಾಡಬಲ್ಲದೆಂದು ನನಗೆ ಗೊತ್ತಿರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ನಂಬಲೂ ಬಾರದು.

ಇಪ್ಪತ್ತೈದು ವರ್ಷದ ಹಿಂದಿನ ಮಾತು. ಬೆಳಗಾವಿಯಲ್ಲಿ ಮನೆಮನೆಗೆ ಕೇಬಲ್ ಬಂದು, ಮಾಳಿಗೆಯಿಂದ ಮಾಳಿಗೆಗೆ, ಗಿಡದಿಂದ ಗಿಡಕ್ಕೆ ಕರಿ ವಾಯರು ಹಬ್ಬಿದ್ದ ಕಾಲ. ಟಿವಿಯಲ್ಲಿ ಬರುವ ಹೊಲಸನ್ನು ತಡೆಯಬೇಕೆಂದು ಶಿವಬಸವ ನಗರದಲ್ಲಿ ನಾವು ಏಳು ಮಂದಿ ಸೇರಿ ಒಂದು ಸಮಿತಿ ಕಟ್ಟಿಕೊಂಡಿದ್ದೆವು. ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾದವರೊಬ್ಬರು ಅಧ್ಯಕ್ಷರು. ಅವರ ಪಡಸಾಲೆಯಲ್ಲಿ ಸಂಜೆ ನಾಲ್ಕಕ್ಕೆ ಕೂಡುವುದು, ಟಿವಿ ಹಚ್ಚುವುದು, ಹೊಲಸು ಕಂಡರೆ ವಹಿಯಲ್ಲಿ ಬರೆದುಕೊಳ್ಳುವುದು — ಯಾವ ಚಾನೆಲ್, ಎಷ್ಟು ಗಂಟೆ, ಎಂಥ ಬಟ್ಟೆ, ಏನು ಮಾತು.

ನಗಬೇಡಿ — ಇಲ್ಲ, ನಕ್ಕರೂ ತಪ್ಪಿಲ್ಲ. ಚುರುಮುರಿ ಮೆಲ್ಲುತ್ತ ನಾವು ಹೊಲಸು ನೋಡುತ್ತಿದ್ದೆವು. ಕುಣಿತ ಬಂದರೆ ಏಳು ಬಾಯಿಂದಲೂ ‘ಛೀ! ಛೀ!’. ಎದ್ದು ಹೋದವರು ಮಾತ್ರ ಒಬ್ಬರೂ ಇಲ್ಲ. ಅಧ್ಯಕ್ಷರಂತೂ, “ಬಾಯಾರ, ಇದು ನಾಳೆ ಮುಂಜಾನೆ ಮತ್ತ ಬರತೈತಿ. ಇನ್ನೊಮ್ಮಿ ನೋಡೂಣು, ಪಕ್ಕಾ ಮಾಡ್ಕೊಂಡ ಬರೀರಿ” ಎನ್ನುತ್ತಿದ್ದರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸಿಗೆ ಬಾಯಾರು ಎನ್ನುತ್ತಾರೆ. ನನ್ನ ಅಕ್ಷರ ದುಂಡಗಿದ್ದವು, ಆದ್ದರಿಂದ ವಹಿ ನನ್ನ ಕೈಗೆ ಬಂತು. ಬಂದದ್ದಕ್ಕೆ ಹೆಮ್ಮೆಯೂ ಇತ್ತು — ಸುಳ್ಳೇಕೆ ಹೇಳಲಿ.

ಖಾಸಬಾಗದ ಕೇಬಲ್‌ನವನೊಬ್ಬ ತನ್ನದೇ ಸಣ್ಣ ಚಾನೆಲ್ ನಡೆಸುತ್ತಿದ್ದ. ಅದರಲ್ಲಿ ವಾರಕ್ಕೊಮ್ಮೆ ಹೆಂಗಸರ ಕಾರ್ಯಕ್ರಮ. ಒಂದು ನೀಲಿ ಪರದೆ, ಒಂದು ಕುರ್ಚಿ, ಒಂದು ಫೋನು, ಕುರ್ಚಿಯಲ್ಲಿ ಮಂಗಲಾ. ಫೋನು ಮಾಡಿದ ಹೆಂಗಸರು ಯಾರ ಮುಂದೂ ಆಡದ್ದನ್ನು ಅವಳ ಮುಂದೆ ಆಡುತ್ತಿದ್ದರು — ಮುಟ್ಟು ನಿಂತದ್ದು, ಬಿಳಿ ಹೋಗುವುದು, ಗಂಡ ಕುಡಿದು ಬಡಿಯುವುದು. ಅವಳು ಸರಕಾರಿ ದವಾಖಾನೆಯ ನರ್ಸೊಬ್ಬರನ್ನು ಕೇಳಿಕೊಂಡು ಬಂದು ಉತ್ತರ ಹೇಳುತ್ತಿದ್ದಳು. ಒಮ್ಮೆ ಕನ್ನಡ, ಒಮ್ಮೆ ಮರಾಠಿ, ಕೇಳುವವರ ಬಾಯಿಗೆ ತಕ್ಕಂತೆ.

“ಮಂದಿ ಚಾ ಕುಡಿಯೂ ಹೊತ್ತಿಗೆ ಮುಟ್ಟಿನ ಮಾತಾ? ಚಾ ಗಂಟಲದಾಗ ಇಳೀಬೇಕೋ ಬ್ಯಾಡೋ?” ಎಂದು ಅಧ್ಯಕ್ಷರು ಕೂಗಾಡುತ್ತಿದ್ದರು. ಡಿಸಿ ಕಚೇರಿಗೆ ಮೂರು ಅರ್ಜಿ ಕೊಟ್ಟೆವು. ಯಾರೂ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ.

ಮಂಗಲಾ ನನ್ನ ವಿದ್ಯಾರ್ಥಿನಿ ಎಂದು ನಾನು ಸಮಿತಿಯಲ್ಲಿ ಹೇಳಲಿಲ್ಲ. ಖಾನಾಪುರದ ಹೈಸ್ಕೂಲಿನಲ್ಲಿ ನನ್ನ ಕೈಯಲ್ಲಿ ಕಲಿತವಳು. ಮನೆಮಾತು ಮರಾಠಿ, ಆದರೂ ಕನ್ನಡದಲ್ಲಿ ತರಗತಿಗೇ ಜಾಣೆ. ಭಾಷಾಂತರ ಮಾಡಿಸುವಾಗ ನಾನು ಅವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದೆ — ಶಬ್ದಕ್ಕ ಶಬ್ದ ಇಡಬ್ಯಾಡ್ರಿ, ಅರ್ಥಾ ತಗೊಂಡ ಬರ್ರಿ.

ಇನ್ನೊಂದು ಮಾತನ್ನೂ ಮುಚ್ಚಿಟ್ಟಿದ್ದೆ. ಅದನ್ನು ನನ್ನ ಗಂಡನಿಗೂ ಹೇಳಿರಲಿಲ್ಲ.

ಅದಕ್ಕೂ ಎರಡು ವರ್ಷ ಮೊದಲು, ಒಂದು ಮಧ್ಯಾಹ್ನ, ಮಂಗಲಾ ನನ್ನ ಬಾಗಿಲಿಗೆ ಬಂದಿದ್ದಳು. ಕೆಳತುಟಿ ಒಡೆದಿತ್ತು. ಕಂಕುಳಲ್ಲಿ ನಾಲ್ಕು ವರ್ಷದ ಮಗಳು ರೂಪಾ, ಕೈಯಲ್ಲಿ ಒಂದು ವಾಯರ್ ಚೀಲ. “ಬಾಯಾರ, ನಾಕ ದಿನಾ ಇಟ್ಕೋರಿ. ಕೆಲಸಾ ಹುಡಕ್ಕೊಂಡ ಹೊಕ್ಕೇನಿ” ಎಂದಳು. ಆಗ ನನ್ನ ಮಗಳಿಗೆ ಗಂಡು ನೋಡುತ್ತಿದ್ದೆವು. ನಾಳೆಯೇ ಗಂಡಿನ ಕಡೆಯವರು ಬರುವವರಿದ್ದರು. ಗಂಡನನ್ನು ಬಿಟ್ಟು ಬಂದ ಹೆಣ್ಣು ಮನೆಯಲ್ಲಿದ್ದರೆ — ಅವರೇನು ತಿಳಿದುಕೊಂಡಾರು... ಹೊರಗಿನ ಕಟ್ಟೆಯ ಮೇಲೆಯೇ ಕೂಡಿಸಿ ಚಹಾ ಕೊಟ್ಟೆ. ಕೂಸಿಗೆ ಎರಡು ಬಿಸ್ಕೀಟು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಗಾದೆಯನ್ನೂ ಹೇಳಿದೆ. ಒಡೆದ ತುಟಿಗೆ ಬಿಸಿ ತಾಗದಂತೆ ಅವಳು ಚಹಾ ಊದುತ್ತ ಕೂತಿದ್ದಳು. “ಹೋಗಿ ಬಾ, ಮಂಗಲಾ” ಎಂದೆ. ಮರ್ಯಾದೆಯಿಂದಲೇ ಅಟ್ಟಿದೆ.

ಆ ಸಂಜೆಗೆ ಬರುತ್ತೇನೆ. ಏಳೂ ಮಂದಿ ಟಿವಿಯ ಮುಂದೆ ಇದ್ದೆವು. ಗಂಡನ ಮನೆ ಬಿಡಲೋ ಬೇಡವೋ ಎಂದು ಯಾರೋ ಹೆಂಗಸು ಫೋನಿನಲ್ಲಿ ಅಳುತ್ತಿದ್ದಳು. ಅವಳಿಗೆ ಧೈರ್ಯ ಹೇಳಲು ಮಂಗಲಾ ತನ್ನದೇ ಕತೆ ತೆಗೆದಳು.

“ಮನಿ ಬಿಟ್ಟಾಗ ಕೂಸಿನ ಕಟಗೊಂಡ ಮೊದಲ ನಾ ನಮ್ಮ ಬಾಯಾರ ಕಡೆ ಹೋದೆ. ಚಾ ಕೊಟ್ರು, ಹೋಗಿ ಬಾ ಅಂದ್ರು. ಅವರ ಹೆಸರ ಹೇಳೂದಿಲ್ಲವಾ, ನನಗ ಅಕ್ಷರಾ ಕಲಿಸಿದವ್ರು.”

ನನ್ನ ಬಾಜು ಕೂತಿದ್ದ ಹೆಣ್ಣುಮಗಳು ಚುರುಮುರಿ ಕೈಯಲ್ಲಿ ಹಿಡಿದೇ ಸಿಟ್ಟಾದಳು. “ಎಂಥಾ ಬಾಯಾರ ಇರಬೇಕ್ರೀ ಆಕಿ! ಕೂಸಿನ ಮಾರಿ ನೋಡಿಯರ ಕರುಣಾ ಬರಬಾರದಾ?”

“ಹೌದ್ರೀ” ಎಂದೆ ನಾನು.

ಫೋನಿನ ಹೆಂಗಸು ಮರಾಠಿಯಲ್ಲಿ ಕೇಳಿದಳು, ಆಮೇಲೆ ಎಲ್ಲಿ ಉಳಿದೆ ಎಂದು. ಮಂಗಲಾ ಮರಾಠಿಯಲ್ಲೇ ಉತ್ತರ ಕೊಟ್ಟಳು: “ಬಾಬಾಂನೀ ಮಲಾ ಠೇವೂನ ಘೇತಲಂ.” ಬಾಬಾ ಎಂದರೆ ಖಾಸಬಾಗದಲ್ಲಿ ಮಗ್ಗದ ಮನೆಯ ಹಿರಿಯರು. ಎಪ್ಪತ್ತು ದಾಟಿದವರು, ಮನೆ ತುಂಬ ಹೆಂಡತಿ, ಸೊಸೆ, ಮೊಮ್ಮಕ್ಕಳು. ಬಾಬಾ ನನಗೆ ಆಸರೆ ಕೊಟ್ಟರು, ಹೋಗಗೊಡದೆ ಉಳಿಸಿಕೊಂಡರು — ಅವಳು ಹೇಳಿದ್ದು ಇಷ್ಟೇ. ಕೊನೆಗೆ ನಕ್ಕು, “ಉಳದದ್ದು ಮುಂದಿನ ವಾರ ಹೇಳತೇನಿ” ಎಂದಳು.

ಮುಂದಿನ ವಾರ. ಮುಂದಿನ ವಾರ ಅವಳು ನನ್ನ ಹೆಸರು ಹೇಳಿಬಿಟ್ಟರೆ? ಹೇಳದಿದ್ದರೂ, ಖಾನಾಪುರದ ಹೈಸ್ಕೂಲು ಎಂದರೆ ಸಾಕು... ಅವಳು ಹೇಳುತ್ತಿರಲಿಲ್ಲ. ಅದು ಈಗ ನನಗೆ ಗೊತ್ತು. ಆಗಲೂ ಗೊತ್ತಿತ್ತು ಅನಿಸುತ್ತದೆ.

ವಹಿ ತೆಗೆದು ಬರೆದೆ: ‘ಬಾಬಾ ನನ್ನನ್ನು ಇಟ್ಟುಕೊಂಡರು.’

ಠೇವೂನ ಎಂದರೆ ಇಟ್ಟು. ಘೇತಲಂ ಎಂದರೆ ಕೊಂಡರು. ಶಬ್ದಕ್ಕೆ ಶಬ್ದ. ಯಾವ ಪಂಡಿತ ಬಂದರೂ ತಪ್ಪು ಹಿಡಿಯಲಾರ. ಹೆಣ್ಣನ್ನು ಗಂಡು ಇಟ್ಟುಕೊಂಡ ಎಂದರೆ ಕನ್ನಡದಲ್ಲಿ ಏನರ್ಥ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಮುಂದೆ ‘ಮನೆಯಲ್ಲಿ’ ಎಂಬ ಒಂದು ಮಾತು ಹಾಕಿದ್ದರೆ ಸಾಕಿತ್ತು. ಅವಳು ಆಡದ ಮಾತನ್ನು ನಾನೇಕೆ ಸೇರಿಸಲಿ ಎಂದು ನನಗೆ ನಾನೇ ಹೇಳಿಕೊಂಡೆ. ‘ನಾಕ ದಿನಾ ಇಟ್ಕೋರಿ’ ಎಂದು ನನ್ನ ಬಾಗಿಲಲ್ಲಿ ಅವಳು ಬೇಡಿದ್ದೂ ಇದೇ ಕ್ರಿಯಾಪದದಲ್ಲಿ. ಆವತ್ತು ಅದರಲ್ಲಿ ನನಗೆ ಯಾವ ಹೊಲಸೂ ಕೇಳಿಸಿರಲಿಲ್ಲ.

ಆ ಪಡಸಾಲೆಯಲ್ಲಿ ಮರಾಠಿ ಬಾರದವರು ಯಾರಿದ್ದರು? ಬೆಳಗಾವಿಯವರು ನಾವು, ತರಕಾರಿ ಕೊಳ್ಳುವುದೇ ಮರಾಠಿಯಲ್ಲಿ. ಏಳೂ ಮಂದಿಗೆ ಅರ್ಥ ಗೊತ್ತಿತ್ತು. ಅಧ್ಯಕ್ಷರು ವಹಿ ಇಸಿದುಕೊಂಡು ಎರಡು ಸಲ ಓದಿದರು. “ಭೇಷ್, ಬಾಯಾರ! ಇಷ್ಟ ದಿನಾ ಮುಟ್ಟು ಮುಟ್ಟು ಅಂತ ಬಾಯಿ ಬಡಕೊಂಡ್ವಿ. ಈಗ ಸಿಕ್ಕಳು ನೋಡ್ರಿ.” ಏಳೂ ಜನ ಸಹಿ ಹಾಕಿದೆವು. ಅರ್ಜಿ ಕಚೇರಿಗೆ ಹೋಯಿತು, ಕರಪತ್ರ ಖಾಸಬಾಗದ ಸಂತೆಗೆ ಹೋಯಿತು. ನನ್ನ ವಾಕ್ಯ ದಪ್ಪ ಅಕ್ಷರದಲ್ಲಿತ್ತು.

ಮುಂದಿನ ವಾರ ಆ ಹೊತ್ತಿಗೆ ಹಳೇ ಸಿನಿಮಾ ಹಾಕಿದರು. ಬಾಬಾರ ಮುಖದ ಮೇಲೆ ಜನ ಉಗುಳಬಾರದೆಂದು ಮಂಗಲಾ ತಾನಾಗಿಯೇ ಆ ಮನೆ ಬಿಟ್ಟು, ರೂಪಾಳನ್ನು ಕರೆದುಕೊಂಡು ಪೀರನವಾಡಿಯಲ್ಲಿ ಒಂದು ಖೋಲಿ ಹಿಡಿದಳಂತೆ. ಕೇಳಿ ನನಗೆ — ಹಗುರಾಯಿತು. ಹೌದು, ಹಗುರಾಯಿತು. ಇಷ್ಟಕ್ಕೇ ಮುಗಿಯಿತು ಎಂದುಕೊಂಡೆ.

ಮುಗಿದಿರಲಿಲ್ಲ. ಮಗಳು ತನಗೆ ಬೇಕೆಂದು ಅವಳ ಗಂಡ ಖಾನಾಪುರದಲ್ಲಿ ದಾವೆ ಹಾಕಿದ್ದ. ಬಡಿಯುವವನ ಕೈಗೆ ಕೂಸು ಹೋಗುವುದಿಲ್ಲ ಎಂದೇ ಎಲ್ಲರೂ ಅನ್ನುತ್ತಿದ್ದರಂತೆ. ನಮ್ಮ ಕರಪತ್ರ ಅವನ ವಕೀಲರ ಕೈಗೆ ಸಿಕ್ಕಿತು. ಕಾರ್ಯಕ್ರಮದ ಕ್ಯಾಸೆಟ್ ತರಿಸಲು ಹೋದರೆ, ಕೇಬಲ್‌ನವನು ಅದರ ಮೇಲೆ ಯಾರದೋ ಮದುವೆ ತುಂಬಿಸಿಬಿಟ್ಟಿದ್ದ. ಅವಳು ಆಡಿದ್ದಕ್ಕೆ ಉಳಿದದ್ದು ನನ್ನ ವಹಿ ಒಂದೇ. ನನ್ನನ್ನು ಸಾಕ್ಷಿಗೆ ಕರೆದರು.

ನ್ಯಾಯಾಧೀಶರು ಮೈಸೂರು ಕಡೆಯವರು, ಮರಾಠಿ ಬಾರದು. ಮಂಗಲಾಳ ವಕೀಲರು ಸಣ್ಣ ವಯಸ್ಸಿನವರು, ಬಹಳ ಮೆತ್ತಗೆ ಕೇಳಿದರು: “ಬಾಯಾರ, ಠೇವೂನ ಘೇತಲಂ ಅಂದ್ರ ಆಸರಾ ಕೊಟ್ರು ಅಂತ ಅಲ್ಲೇನ್ರಿ?”

ಒಂದು ‘ಹೌದು’ ಸಾಕಿತ್ತು. ಎದುರಿಗೆ ಮಂಗಲಾ ನಿಂತಿದ್ದಳು. ಆರು ವರ್ಷದ ರೂಪಾ ಅವಳ ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿ ಬಿಚ್ಚಿ ಆಡುತ್ತಿದ್ದಳು. ಹೌದು ಎಂದರೆ, ಹಾಗಾದರೆ ಹೀಗೇಕೆ ಬರೆದಿರಿ ಎಂದು ಕೇಳುವರು; ಕೇಳಿದರೆ ನನ್ನ ಬಾಗಿಲು, ನನ್ನ ಕಟ್ಟೆ, ನನ್ನ ಚಹಾ ಎಲ್ಲ ಹೊರಬೀಳುವುದು. ನಾನು ಹೇಳಿದೆ: “ನಾ ಬರದದ್ದು ಅಕ್ಷರಶಃ ಸರಿ ಐತ್ರಿ.”

ಕೂಸು ತಂದೆಗೆ ಹೋಯಿತು.

ತೀರ್ಪಿನ ದಿನವೂ ನಾನು ಹೋಗಿದ್ದೆ — ಏಕೆ ಹೋದೆನೋ. ಹೊರಗೆ ಮೆಟ್ಟಿಲ ಮೇಲೆ ಮಂಗಲಾ ಒಬ್ಬಳೇ ಕೂತಿದ್ದಳು. ಬೈಯುವಳು ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. “ಶಬ್ದಕ್ಕ ಶಬ್ದ ಇಡಬ್ಯಾಡ್ರಿ ಅಂತ ನೀವ ಹೇಳಿದ್ರಿ, ಬಾಯಾರ” ಎಂದಳು. ಅಷ್ಟೇ. ಆಮೇಲೆ ನಾನು ಅವಳನ್ನು ನೋಡಲಿಲ್ಲ. ಪೀರನವಾಡಿಗೆ ನನ್ನ ಮನೆಯಿಂದ ಸಿಟಿ ಬಸ್ಸಿತ್ತು. ಇಪ್ಪತ್ತನಾಲ್ಕು ವರ್ಷ ಹತ್ತಲಿಲ್ಲ.

ಸಮಿತಿ ಎಂದೋ ಒಡೆಯಿತು. ಈಗ ಹುಡುಗರ ಅಂಗೈಯಲ್ಲೇ ಎಲ್ಲ ಕುಣಿಯುತ್ತದೆ, ತಡೆಯುವವರು ಯಾರು? ಅಷ್ಟು ವರ್ಷ ವಹಿ ತುಂಬಿಸಿ ನಾವು ನಿಲ್ಲಿಸಿದ್ದು ಒಂದೇ ಕಾರ್ಯಕ್ರಮ. ಅದು ಅವಳದು.

ಹೋದ ವರ್ಷ ಮಂಗಲಾ ತೀರಿಕೊಂಡ ಸುದ್ದಿ ಬಂತು. ಅವಳಿದ್ದಾಗ ಬಾರದ ಧೈರ್ಯ ನನಗೆ ಅವಳು ಸತ್ತ ಮೇಲೆ ಬಂತು, ನೋಡಿ. ಮಗಳಿಗಾದರೂ ನಿಜ ಹೇಳಬೇಕೆಂದು ಖಾನಾಪುರಕ್ಕೆ ಹೋದೆ. ರೂಪಾಳ ಗಂಡನ ಮನೆಯೂ ಅಲ್ಲಿಯೇ. ಅವಳೀಗ ಒಂದು ಹೆಣ್ಣುಮಗುವಿನ ತಾಯಿ. ಹೊಸ್ತಿಲಲ್ಲಿ ಕೂತು ಮಗುವಿನ ಜಡೆ ಹಾಕುತ್ತಿದ್ದಳು. ನಾನು ನಿಂತೇ ಹೇಳಿದೆ — ಕಟ್ಟೆಯ ಚಹಾ, ವಹಿ, ಕೋರ್ಟು, ಒಂದೂ ಬಿಡಲಿಲ್ಲ. ಅವಳು ಮಗುವನ್ನು ಒಳಗೆ ಕಳಿಸಿದಳು.

“ನನ್ನ ಮದಿವಿಗೆ ಆಕಿ ಬಂದಿದ್ಲು” ಎಂದಳು. “ಸೀರಿ ತಗೊಂಡ ಗೇಟಿನ್ಯಾಗ ನಿಂತಿದ್ಲು. ನಾ ಹೊರಗ ಬರಲಿಲ್ಲ. ಇಟ್ಟಗೊಂಡಾಕಿ ಕೈಲಿಂದ ನನಗ ಸೀರಿ ಬ್ಯಾಡ ಅಂತ ಹೇಳಿ ಕಳಿಸಿದೆ. ಅದ ಶಬ್ದಾ ಹೇಳೇನ್ರಿ, ನೀವ ಬರದದ್ದು. ಮಣ್ಣಿಗೂ ಹೋಗಲಿಲ್ಲ ನಾ.”

ನಾನು ಏನೋ ಹೇಳಲು ಹೋದೆ. ಅವಳು ಕೈ ಅಡ್ಡ ಮಾಡಿದಳು.

“ನೀವ ಹೇಳೂದು ಸುಳ್ಳ ಇದ್ರ ನಾ ಹೆಂಗರೆ ಬದುಕತೇನ್ರಿ. ಖರೇ ಇದ್ರ—”

ಎದ್ದಳು. “ಹೋಗ್ರಿ” ಎಂದಳು.

ನಮ್ಮ ಕಡೆ ವೈರಿಗೂ ಬರೀ ‘ಹೋಗು’ ಎನ್ನುವುದಿಲ್ಲ. ‘ಹೋಗಿ ಬಾ’ ಎನ್ನುತ್ತೇವೆ. ಮಂಗಲಾಳನ್ನು ಅಟ್ಟಿದ ದಿನ ನಾನೂ ಹಾಗೆಯೇ ಅಂದಿದ್ದೆ. ರೂಪಾ ‘ಬರ್ರಿ’ ಎನ್ನಲಿಲ್ಲ. ನಾನು ಒಂದು ಗಳಿಗೆ ಕಾದೆ, ಆ ಮಾತಿಗಾಗಿ. ಅವಳು ಬಾಗಿಲು ಹಾಕಿಕೊಂಡಳು, ಒಳಗಿನಿಂದ ಚಿಲಕ ಬಿತ್ತು.