ಕೈಗವಸಿನ ಬೆರಳಿಗೂ ಓಗೊಡುವ ಫೋನು

ಬೆಳಗಿನ ಐದೂವರೆ. ಮೀನಿನ ಶೀತಲಗೃಹದ ಎದುರಿನ ಕಟ್ಟಡದಲ್ಲಿ, ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ದೀಪ ಹೊತ್ತಿಕೊಂಡಿದೆ. ತಲೆ ಬಗ್ಗಿಸದೆ ಒಳಹೋಗಲಾಗದ ಆ ಜಾಗದಲ್ಲಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ಐವತ್ತರ ಹೆಂಗಸೊಬ್ಬರು ಹಳೆಯ ಫೋನೊಂದರ ಪರದೆಯನ್ನು ಬಿಸಿಗಾಳಿಗೆ ಹಿಡಿದಿದ್ದಾರೆ. ಅಂಟು ಸಡಿಲವಾದದ್ದೇ ತಡ, ಉಗುರು ತೂರಿಸಿ ನಾಜೂಕಾಗಿ ಎತ್ತುತ್ತಾರೆ. ಪಕ್ಕದಲ್ಲಿ ಅವರ ಅತ್ತೆ, ಸಾಸಿವೆಯಷ್ಟು ಸಣ್ಣ ಸ್ಕ್ರೂಗಳನ್ನು ಬಟ್ಟಲಿಗೆ ಹಾಕುತ್ತಿದ್ದಾರೆ.

“ಕೆಮ್ಮಬೇಡಿ ಅತ್ತೆ, ಹಾರಿಹೋಗ್ತವೆ.”

“ಎಪ್ಪತ್ತೆಂಟು ವರ್ಷದಿಂದ ನಾನೇ ಹಾರಿಹೋಗಿಲ್ಲ, ಇವೆಲ್ಲಿಗೆ ಹೋಗ್ತವೆ? ನೀನು ಕೆಲಸ ನೋಡು.”

ಬೀದಿಗೆಲ್ಲ ಈ ಸೊಸೆ ‘ಟಚ್ಚಕ್ಕ’. ಬೆರಳಿನ ಮಾತು ಕೇಳುವ ಫೋನುಗಳು ಹೊಸತಾಗಿ ಬಂದ ಕಾಲದಲ್ಲಿ, ಅವುಗಳನ್ನು ಜೋಡಿಸುವ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಪರದೆ ಕೂರಿಸಿದವರು. ಒತ್ತಿದರಷ್ಟೇ ಒಪ್ಪುವ ಆ ಮೆದು ಪರದೆಗಳು ಮೂಲೆ ಸೇರಿ, ಸವರಿದರೆ ಸಾಕೆನ್ನುವ ಗಾಜಿನವು ಬಂದಾಗ ಕಾರ್ಖಾನೆಗೆ ಬೀಗ ಬಿತ್ತು. ಅದೇ ವರ್ಷ ಗಂಡನೂ ತೀರಿಕೊಂಡರು. ಎರಡನೇ ಮದುವೆ ಮಾಡಿಕೋ ಎಂದವರಿದ್ದರು, ತವರಿಗೆ ಹೋಗು ಎಂದವರಿದ್ದರು. ಇವರು ಅತ್ತೆಯನ್ನೂ ಭೂತಗನ್ನಡಿಯನ್ನೂ ಕರೆದುಕೊಂಡು ಮೆಟ್ಟಿಲ ಕೆಳಗೆ ಬಂದು ಕೂತರು.

ದಿನಕ್ಕೆ ಆ ಮೆದು ಪರದೆಯ ಆರೇಳು ಹಳೆಯ ಫೋನು ಬರುತ್ತವೆ. ನಾಲ್ಕು ಬದುಕುತ್ತವೆ, ಉಳಿದವು ಬದುಕುವವುಗಳಿಗೆ ಅಂಗಾಂಗ ಕೊಡುತ್ತವೆ. ಹಾಗೆಂದು ಟಚ್ಚಕ್ಕ ಹಳೆಯದನ್ನು ಹೊಗಳಿ ಅಟ್ಟಕ್ಕೇರಿಸುವವರಲ್ಲ. “ಆಮೆ ಕಣ್ರೀ ಇವು. ನಾಲ್ಕು ಫೋಟೋ ತೆಗೆದ್ರೆ ಹೊಟ್ಟೆ ತುಂಬ್ತು ಅಂತಾವೆ. ಬಿಸಿಲಲ್ಲಿ ಪರದೆ ಕಾಣಲ್ಲ. ಒಂದು ಒತ್ತಿದ್ರೆ ನಾಲ್ಕು ಬೀಳುತ್ತೆ. ಆದ್ರೆ ಬ್ಯಾಟರಿ ಹೋದ್ರೆ ಹಿಂದಿನ ಮುಚ್ಚಳ ತೆಗೆದು ಬೇರೆ ಹಾಕಬಹುದು. ಒದ್ದೆ ಕೈಲಿ ಒತ್ತಿ, ಕೋಲಲ್ಲಿ ಒತ್ತಿ, ಕೇಳ್ತವೆ. ಬೆರಳು ಯಾರದು ಅಂತ ಜಾತಕ ನೋಡಲ್ಲ.”

ಈ ಕೊನೆಯ ಮಾತಿನ ಬೆಲೆ ಶೀತಲಗೃಹಕ್ಕೆ ಗೊತ್ತಾದದ್ದು ಹೋದ ವರ್ಷ. ಒಳಗಿನ ಹೆಂಗಸರು ಮೀನಿನ ಪೆಟ್ಟಿಗೆಗಳ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆಯುವ ಬದಲು ಫೋನಿನಲ್ಲಿ ದಾಖಲಿಸಬೇಕೆಂದು ಆಡಳಿತ ಹೊಸ ಗಾಜಿನ ಫೋನು ಕೊಟ್ಟಿತು. ದಪ್ಪ ಕೈಗವಸಿಗೆ ಆ ಗಾಜು ಮಿಸುಕಲಿಲ್ಲ. ಕೈಗವಸು ಕಳಚಿದರೆ ಮರಗಟ್ಟಿದ ಒದ್ದೆ ಬೆರಳಿಗೂ ಓಗೊಡಲಿಲ್ಲ. ದಾಖಲೆ ಹಿಂದೆ ಬಿತ್ತು. ಮೂವರು ಹೆಂಗಸರ ಕೈಗೆ, ಕೆಲಸಗಳ್ಳರೆಂದು ತೆಗೆದುಹಾಕುವ ನೋಟಿಸು ಬಂತು.

ಅವರಲ್ಲೊಬ್ಬಾಕೆ ಅಂಗಡಿಗೆ ಬಂದು ಅತ್ತದ್ದನ್ನು ನೋಡಿ ಟಚ್ಚಕ್ಕ ಹಳೆಯ ಫೋನೊಂದನ್ನು ಸೆರಗಿಗೆ ಸಿಕ್ಕಿಸಿಕೊಂಡು ಎದ್ದರು. ನೇರ ಶೀತಲಗೃಹದ ಕಚೇರಿಗೆ ಹೋಗಿ, ತಪ್ಪು ಹೆಂಗಸರದಲ್ಲ, ಫೋನಿನದು ಎಂದರು. ಮ್ಯಾನೇಜರ್ ತಲೆ ಎತ್ತದೆ ಅಂದರಂತೆ, “ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ.”

“ನೆಲ ಡೊಂಕೇ ಇದೆ ಸಾರ್. ಬನ್ನಿ, ಒಂದು ಸಲ ನೀವೇ ಕುಣೀರಿ.”

ಕಚೇರಿಯವರೆಲ್ಲ ನೋಡುತ್ತಿದ್ದರು. ಮ್ಯಾನೇಜರಿಗೆ ಏಳದೆ ವಿಧಿಯಿರಲಿಲ್ಲ. ಮಂಜುಕೋಣೆಯಲ್ಲಿ ಕೈಗವಸು ತೊಟ್ಟು ಗಾಜನ್ನು ಒತ್ತಿದರು, ಉಜ್ಜಿದರು, ಕೊನೆಗೆ ಕುಟ್ಟಿದರು. ಒಂದು ಅಂಕಿಯೂ ಮೂಡಲಿಲ್ಲ. ಟಚ್ಚಕ್ಕ ಹಳೆಯದನ್ನು ಮುಂದೆ ಹಿಡಿದರು. ಅದೇ ಕೈಗವಸಿನ ಹೆಬ್ಬೆರಳಿಗೆ ಅಂಕಿಗಳು ಒಂದೊಂದಾಗಿ, ತೂಕಡಿಸುತ್ತ ಬಂದವು.

“ಇದು ತುಂಬಾ ನಿಧಾನ.”

“ನಿಧಾನ ನಿಜ ಸಾರ್. ನಿಮ್ಮದು ಬರೋದೇ ಇಲ್ವಲ್ಲ?”

ನೋಟಿಸುಗಳು ವಾಪಸಾದವು. ಎಂಟು ಹಳೆಯ ಫೋನುಗಳು ಮಂಜುಕೋಣೆಗೆ ಹೋದವು. ಮೊದಲ ವಾರವೇ ಚಳಿಗೆ ಎರಡರ ಬ್ಯಾಟರಿ ಕೈಕೊಟ್ಟಾಗ ಮೂಗು ಮುರಿದವರೂ ಇದ್ದರು. ಅತ್ತೆ ಹಳೆಯ ಕಂಬಳಿ ಕತ್ತರಿಸಿ ಎಂಟು ಚೀಲ ಹೊಲಿದರು. ಹೆಂಗಸರು ಈಗ ಫೋನನ್ನು ಅಂಗಿಯೊಳಗೆ ಬೆಚ್ಚಗಿಟ್ಟುಕೊಂಡು ದುಡಿಯುತ್ತಾರೆ. ಆಡಳಿತದಿಂದ ಒಂದು ಒಳ್ಳೆಯ ಮಾತೂ ಬರಲಿಲ್ಲ. ಟಚ್ಚಕ್ಕ ಕಾಯಲೂ ಇಲ್ಲ.

ಆರು ಗಂಟೆಯ ಪಾಳಿಯ ಹೆಂಗಸರು ಬರುತ್ತಾರೆ. ಕೆಟ್ಟದ್ದನ್ನು ಕೊಟ್ಟು, ಸರಿಯಾದದ್ದನ್ನು ಚೀಲಕ್ಕಿಳಿಸಿ, “ಬರ್ತೀವಕ್ಕಾ” ಎಂದು ರಸ್ತೆ ದಾಟುತ್ತಾರೆ. ಬಿಡಿಭಾಗ ಮುಗಿದ ದಿನ ಏನು ಮಾಡುತ್ತೀರಿ ಎಂದು ಕೇಳಿದರೆ ಟಚ್ಚಕ್ಕ ಭೂತಗನ್ನಡಿ ತೆಗೆದು ನೇರವಾಗಿ ನೋಡುತ್ತಾರೆ.

“ಹೊಸದು ಬೇಡ ಅಂದವಳಲ್ಲ ನಾನು. ಈ ಹೆಂಗಸರ ಬೆರಳಿಗೂ ಮರ್ಯಾದೆ ಕೊಡೋ ಹೊಸದು ಬರಲಿ, ಅಂಗಡಿಗೆ ನಾನೇ ಬೀಗ ಹಾಕ್ತೀನಿ. ಅಲ್ಲೀವರೆಗೂ ನನ್ನನ್ನ ಇಲ್ಲಿಂದ ಎಬ್ಬಿಸೋರು ಯಾರು, ನೋಡೇಬಿಡ್ತೀನಿ.”