ಮಾಳಿಗೆಗೆ ನೀರು ಕಟ್ಟಿದ ಸಂಜೆ

ನನ್ನ ಹೆಂಡತಿ ತೀರಿಕೊಂಡು ಎಂಟು ತಿಂಗಳಾಯಿತು. ಮನೆಗೆ ಬಂದವರು ಅವಳ ಕೊನೆಯ ದಿನಗಳ ಬಗ್ಗೆ ಕೇಳುತ್ತಾರೆ. ಆಸ್ಪತ್ರೆಯ ಮಾತು ಹೇಳಲು ನನಗೆ ಬರುವುದಿಲ್ಲ. ಈ ಮನೆ ಕೊಂಡ ಬೇಸಿಗೆಯ ಮಾತಾದರೆ ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎಂಬತ್ತರ ದಶಕ ಮುಗಿಯುತ್ತಿತ್ತು. ನಾನು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಮದುವೆಯಾದ ಮೇಲೆ ಕಲಬುರಗಿಯಲ್ಲಿ ನಾಲ್ಕು ಬಾಡಿಗೆ ಮನೆ ಬದಲಿಸಿದ್ದೆವು. ನಾಲ್ಕೂ ಸೋರುತ್ತಿದ್ದವು. ಕೊನೆಯ ಮನೆಯಲ್ಲಿ ಒಂದು ಮಳೆಗಾಲ ಪೂರ್ತಿ ನಮ್ಮ ಸಣ್ಣ ಮಗಳು ಕೆಮ್ಮುತ್ತಲೇ ಇದ್ದಳು. ಅವಳ ಹಾಸಿಗೆಯನ್ನು ಒಣ ಮೂಲೆಯಿಂದ ಒಣ ಮೂಲೆಗೆ ಎಳೆಯುತ್ತ ನನ್ನ ಹೆಂಡತಿ, "ಸ್ವಂತ ಮನಿ ತಗೊಂಡ್ರ ನೀರಿಗೆ ನೋಡಿ ತಗೋಬೇಕು. ಇಲ್ಲಾಂದ್ರ ಬ್ಯಾಡ" ಅಂದಳು. ನನಗೆ ಆಗ ಆ ಮಾತು ಪೂರ್ತಿ ತಿಳಿಯಲಿಲ್ಲ.

ಸೇಡಂ ರಸ್ತೆಯ ಆಚೆಗಿನ ಓಣಿಯಲ್ಲಿ ಈ ಮನೆ ಮಾರಾಟಕ್ಕಿದೆ ಎಂದು ಕಚೇರಿಯ ಗೆಳೆಯರೊಬ್ಬರು ಹೇಳಿದರು. ನಿವೃತ್ತ ಮಾಸ್ತರರೊಬ್ಬರ ಮನೆ. ಮುಂದಿನ ಎರಡು ಕೋಣೆ ಹಳೆಯವು, ಮೇಲೆ ಶಹಾಬಾದ ಕಲ್ಲಿನ ಚಪ್ಪಡಿ. ಹಿಂದೆ ಅವರು ಆಮೇಲೆ ಸೇರಿಸಿದ್ದ ಒಂದು ದೊಡ್ಡ ಕೋಣೆ, ಅದಕ್ಕೆ ಮಾಳಿಗೆಯಾಗಿ ಸಪಾಟಾದ ಸಿಮೆಂಟಿನ ಸ್ಲ್ಯಾಬ್. ಗಾಳಿ ಬೆಳಕು ಎಲ್ಲ ಆ ಕೋಣೆಯಲ್ಲೇ ಇತ್ತು. ನನಗೆ ನೋಡಿದ ಕೂಡಲೇ ಮನಸ್ಸಾಯಿತು. ಮುಂಗಡದ ಬಯಾನಾ ಕೊಟ್ಟುಬಿಡಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಇವಳು ಮಾಸ್ತರರನ್ನು ಕೇಳಿದಳು.

"ಸರ್, ಮಾಳಿಗಿ ಮ್ಯಾಲ ಒಂದಿನ ನೀರು ನಿಲ್ಲಿಸಿ ನೋಡ್ಲೇನ್ರೀ?"

ಅವಳು ಕಮಲಾಪುರದವಳು. ಮಣ್ಣಿನ ಮಾಳಿಗೆಯ ಕೆಳಗೆ ಬೆಳೆದವಳು. ಅಲ್ಲಿ ಮಳೆಗೆ ಮುಂಚೆ ಮನೆಮಂದಿಯೆಲ್ಲ ಮೇಲೆ ಹತ್ತಿ ನೀರು ತಡೆಯುವ ಸವಳು ಮಣ್ಣು ಹರಡಿ ತುಳಿಯುತ್ತಿದ್ದರು. ಮಾಳಿಗೆಯನ್ನು ಸಾಕಿದ ಎಮ್ಮೆಯನ್ನು ನೋಡಿಕೊಂಡಂತೆ ನೋಡಿಕೊಳ್ಳುತ್ತಿದ್ದರು. ಹಾಗಾಗಿ ಕೇಳಿದ್ದು ಅವಳಿಗೆ ಸಹಜವೇ. ಆದರೆ ಅದು ಮೇ ತಿಂಗಳು. ಆ ಓಣಿಗೆ ನಾಲ್ಕು ದಿನಕ್ಕೊಮ್ಮೆ ನಳ ಬರುತ್ತಿತ್ತು.

ಮಾಸ್ತರರ ಹೆಂಡತಿ ಒಳಗಿನಿಂದಲೇ, "ಕುಡ್ಯಾಕ ನೀರಿಲ್ಲ, ಈಕಿ ಮಾಳಿಗಿಗೆ ಕುಡಸ್ತಾಳಂತ!" ಅಂದರು.

"ನೀರು ನಾವ ತರ್ತೀವ್ರೀ ಅಕ್ಕಾರ. ನಿಮ್ಮ ಒಂದು ಚರಿಗಿ ಸೈತ ಮುಟ್ಟಂಗಿಲ್ಲ."

ಮಾಸ್ತರರು, "ನೋಡವ್ವಾ ತಂಗಿ, ನೋಡು" ಅಂದರು.

ಮರುದಿನ ರವಿವಾರ. ಬಿಸಿಲಲ್ಲಿ ಸುರಿದರೆ ಸೂರ್ಯನೇ ಕುಡಿಯುತ್ತಾನೆ ಎಂದು ಸಂಜೆ ಶುರುಮಾಡಿದೆವು. ಮಾಳಿಗೆಯ ನೀರು ಹೊರಹೋಗುವ ತೂತಿಗೆ ಅವಳು ಹಳೇ ಸೀರೆಯ ತುಂಡು ತುರುಕಿದಳು. ಓಣಿಯ ಕೊನೆಯ ಕೈಪಂಪಿನಿಂದ ನಾನು ಹೊತ್ತು ತರುವುದು, ಅವಳು ನಿಚ್ಚಣಿಕೆಯ ಮೇಲೆ ನಿಂತು ಸುರಿಯುವುದು. ಹತ್ತು ಕೊಡಕ್ಕೆ ನನ್ನ ಸೊಂಟ ಹೋಯಿತು. ಎದುರು ಕಟ್ಟೆಯ ಮೇಲೆ ಕುಳಿತಿದ್ದ ಮುದುಕರೊಬ್ಬರು ಎಲ್ಲವನ್ನೂ ನೋಡುತ್ತಿದ್ದರು.

"ಯಾವೂರವ್ವಾ ನಿಂದು?"

"ಕಮಲಾಪುರ್ರೀ."

"ಅದಕ್ಕ! ಮಾಳಿಗಿ ಮ್ಯಾಲ ನಿಮ್ಮೂರ ಕೆಂಪು ಬಾಳಿ ಹಚ್ಚಾಕ ಬಂದೀರಿ."

"ಗೊನಿ ಬಿಟ್ಟ ಮ್ಯಾಲ ಮೊದಲ ಹಣ್ಣು ನಿಮಗ ಕೊಡ್ತೀನ್ರೀ ಅಜ್ಜಾರ. ಅಲ್ಲೀತನಕ ಇವರಿಗೊಂದು ಕೊಡ ಹೊರಸ್ರಿ."

ಓಣಿಯೆಲ್ಲ ನಕ್ಕಿತು. ನಾನು ತಲೆ ತಗ್ಗಿಸಿ ಮತ್ತೆ ಪಂಪಿಗೆ ಹೋದೆ.

ಮರುದಿನ ಬೆಳಿಗ್ಗೆ ಕಚೇರಿಗೆ ಮೊದಲು ಹೋಗಿ ನೋಡಿದೆವು. ಸ್ಲ್ಯಾಬಿನ ನಡುವೆ ಒಂದು ಹನಿ ಇಲ್ಲ. ನನಗೆ ಜೀವ ಬಂತು. ಆದರೆ ಹೊಸ ಸ್ಲ್ಯಾಬು ಹಳೇ ಗೋಡೆಗೆ ಕೂಡುವ ಕಡೆ ರೊಟ್ಟಿಯಷ್ಟು ಅಗಲ ಒದ್ದೆಯಾಗಿತ್ತು. ಇವಳು ಅದನ್ನೇ ನೋಡುತ್ತ ನಿಂತಳು. ಮಗಳ ಕೆಮ್ಮು ಅವಳ ಕಿವಿಯಲ್ಲಿತ್ತು ಎಂದು ನನಗೆ ಗೊತ್ತು. ಈ ಮನೆ ಕೈತಪ್ಪಿತು ಅಂದುಕೊಂಡೆ.

ಆಗ ಮಾಸ್ತರರು, "ಅದೊಂದ ಅಲ್ಲ ತಂಗಿ. ಇಲ್ಲೂ ಒಂದದ" ಎಂದು ಮೂಲೆಯ ಕಪಾಟಿಗೆ ಕೈ ಹಾಕಿದರು.

ಅವರ ಹೆಂಡತಿ, "ಸುಮ್ನಿರ್ರೀ! ಕೇಳ್ಯಾರೇನು ನಿಮಗ?" ಎಂದು ಗದರಿದರು. ಅವರು ಸುಮ್ಮನಿರಲಿಲ್ಲ. ನಾನೂ ಕೈಹಚ್ಚಿದೆ, ಇಬ್ಬರೂ ಸೇರಿ ಕಪಾಟು ಸರಿಸಿದೆವು. ಹಿಂದೆ ಗೋಡೆ ಕಪ್ಪಗೆ ತೋಯ್ದಿತ್ತು.

ಇವಳು ಎರಡೂ ಜಾಗ ಮುಟ್ಟಿ ನೋಡಿದಳು. ಸೆರಗಿಗೆ ಕೈ ಒರೆಸಿಕೊಂಡಳು. "ಇಷ್ಟ ಏನ್ರೀ ಸರ್?"

"ಇಷ್ಟ. ಮತ್ತೆಲ್ಲೂ ಇಲ್ಲ."

ಹೊರಗೆ ಬಂದು ನನಗೆ, "ತಗೊಳ್ಳೋಣ್ರೀ" ಅಂದಳು.

"ಸೋರ್ತದಲ್ಲ!"

"ಎಲ್ಲಿ ಸೋರ್ತದ ಅಂತ ಗೊತ್ತದ. ಆ ನಾಲ್ಕು ಮನಿಯವ್ರು ಒಬ್ರರೆ ಹೇಳಿದ್ರೇನು? ಗೊತ್ತಿದ್ದದ್ದು ನಾ ನೋಡ್ಕೋತೀನಿ."

ಆವತ್ತೇ ಬಯಾನಾ ಕೊಟ್ಟೆವು. ಮಳೆಗೆ ಹತ್ತು ದಿನ ಮುಂಚೆ ಈ ಮನೆಗೆ ಬಂದೆವು.

ಆ ಹತ್ತು ದಿನದಲ್ಲಿ ಅವಳು ಮಾಡಿದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಕಮಲಾಪುರಕ್ಕೆ ಹೋಗಿ ಒಂದು ಚೀಲ ಸವಳು ಮಣ್ಣು ಬಸ್ಸಿನಲ್ಲಿ ಹಾಕಿಕೊಂಡು ಬಂದಳು. ಕಂಡಕ್ಟರ್, "ಕಲಬುರಗ್ಯಾಗ ಮಣ್ಣು ಸಿಗಂಗಿಲ್ಲೇನ್ರೀ ಬಾಯಾರ?" ಅಂದನಂತೆ. ಆ ಮಣ್ಣನ್ನು ಗೋಡೆಯುದ್ದಕ್ಕೂ ಮೆತ್ತಿ ತುಳಿದಳು. ಶ್ರಾವಣ ಬರುವಷ್ಟರಲ್ಲಿ ಅಲ್ಲಿ ಗೇಣುದ್ದ ಹುಲ್ಲು ಬೆಳೆಯಿತು. ಕೆಳಗೆ ಒದ್ದೆ ಇಮ್ಮಡಿಯಾಯಿತು. ಗಾರೆ ಕೆಲಸದ ಗೌಂಡಿಯನ್ನು ಕರೆಸಿದೆವು. ಅವನು ಮೇಲೆ ಹತ್ತಿ, "ಯಾರ್ರೀ ಸಿಮೆಂಟಿಗೆ ಮಣ್ಣು ಹಾಕಿದವ್ರು? ಇದು ನೀರು ತಡ್ಯಾಂಗಿಲ್ಲ, ಹಿಡಕೊಂಡು ಕುಂದರ್ತದ" ಅಂದ. ಇವಳು ನನ್ನತ್ತ ಬೆರಳು ತೋರಿಸಿದಳು. ನಾನು ಒಪ್ಪಿಕೊಂಡೆ.

ಅವನು ಮಣ್ಣು ತೆಗೆಸಿ, ಬಿರುಕು ಕೆತ್ತಿ, ಸುಣ್ಣ ಸಿಮೆಂಟು ತುಂಬಿ, ಮೂಲೆಯನ್ನು ಗುಂಡಗೆ ಮಾಡಿ ತೋರಿಸಿದ. ಅವಳು ಪಕ್ಕದಲ್ಲೇ ಕುಳಿತು ಕಲಿತಳು. ಅಂದಿನಿಂದ ಪ್ರತಿ ವರ್ಷ ಜೂನಿನ ಮಿರಗದ ಮಳೆಗೆ ಮೊದಲು ಅವಳೇ ಹತ್ತಿ ಕೂದಲೆಳೆಯಷ್ಟು ಬಿರುಕನ್ನೂ ಹುಡುಕಿ ಮುಚ್ಚುತ್ತಿದ್ದಳು. ಆ ಕೋಣೆಯಲ್ಲಿ ಮಗಳು ಓದಿದಳು, ಅವಳ ಮದುವೆಯ ಮಾತು ಅಲ್ಲೇ ಆಯಿತು. ನಾನು ಒಮ್ಮೆಯೂ ಸುಣ್ಣ ಕಲಸಿರಲಿಲ್ಲ. ಕೆಳಗೆ ನಿಂತು ನಿಚ್ಚಣಿಕೆ ಹಿಡಿಯುವುದಷ್ಟೇ ನನ್ನ ಕೆಲಸ.

ಈ ವರ್ಷ ನಾನೇ ಹತ್ತಿದೆ. ಮಗಳು ಫೋನಿನಲ್ಲಿ, "ಅಪ್ಪಾ, ಗೌಂಡಿನ ಕರೀರಿ, ಈ ವಯಸ್ಸಿನ್ಯಾಗ ಹತ್ತಬ್ಯಾಡ್ರಿ" ಅಂದಳು. ಹೂಂ ಅಂದು ಹತ್ತಿದೆ. ಅವಳು ಮುಚ್ಚಿದ ಹಳೆಯ ಗೆರೆಗಳು ಒಂದರ ಮೇಲೊಂದು ಕಂಡವು. ಅವುಗಳ ನಡುವಿನ ಹೊಸ ಬಿರುಕುಗಳನ್ನು ಹುಡುಕಿ ತುಂಬಿದೆ. ಅರ್ಧ ದಿನ ಹಿಡಿಯಿತು. ಇಳಿದ ಮೇಲೆ ಬಹಳ ದಿನಕ್ಕೆ ಹಸಿವಾಯಿತು. ಎರಡು ರೊಟ್ಟಿ ಹೆಚ್ಚಿಗೇ ತಿಂದೆ.

ನಿನ್ನೆ ಮೊದಲ ದೊಡ್ಡ ಮಳೆ ಬಂತು. ಇವತ್ತು ಬೆಳಿಗ್ಗೆ ನೋಡಿದೆ. ಗೋಡೆಯ ಮೂಲೆಯಲ್ಲಿ ಅಂಗೈಯಷ್ಟು ಒದ್ದೆಯಾಗಿದೆ. ಸುಣ್ಣ ತೆಳ್ಳಗಾಯಿತು ಅಂತ ಕಾಣುತ್ತದೆ. ಮುಂದಿನ ವರ್ಷ ಸ್ವಲ್ಪ ಗಟ್ಟಿ ಕಲಸಬೇಕು.