ನನ್ನ ಕಡೆ ತಿರುಗಿದ ಮೀನಿನ ತಲೆ

ಸಾನ್ವಿ, ಅದ್ವಿತ್, ಮೊದಲೇ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಚೀನಾ ದೇಶದವರು ದಿನಾ ಗೋಬಿ ಮಂಚೂರಿ ತಿಂದು ಬದುಕುತ್ತಾರೆ ಎಂದು ನಿಮ್ಮ ಅಮ್ಮಮ್ಮ ಅರವತ್ತೆಂಟು ವರ್ಷದವರೆಗೂ ನಂಬಿದ್ದಳು. ನಗಬೇಡಿ. ನಾನು ಓದಿದ್ದು ಏಳನೇ ಕ್ಲಾಸು. ನಮ್ಮ ಶಾಲೆಯ ಮಾಷ್ಟ್ರು ಚೀನಾದ ಗೋಡೆಯನ್ನು ಬೋರ್ಡಿನ ಈ ತುದಿಯಿಂದ ಆ ತುದಿಯವರೆಗೆ ಬರೆದು, ಸಾಲದೆ ಕಿಟಕಿಯ ಚೌಕಟ್ಟಿನ ಮೇಲೂ ಸ್ವಲ್ಪ ಎಳೆದಿದ್ದರು. ರೇಷ್ಮೆ ಅಂದರು, ಚಹಾ ಅಂದರು. ಗೋಡೆಯ ಒಳಗಿನವರು ಮಧ್ಯಾಹ್ನ ಏನು ಉಣ್ಣುತ್ತಾರೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಎದ್ದು ನಿಂತು ಕೇಳುವಷ್ಟು ಧೈರ್ಯ ನನಗೆ ಯಾವತ್ತೂ ಇರಲಿಲ್ಲ.

ಆಮೇಲೆ ಚೀನಾ ನನ್ನ ಬಾಯಿಗೆ ಬಂದದ್ದು ಕುಂದಾಪುರ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಕೈಗಾಡಿಯಿಂದ. ನಿಮ್ಮ ಅಜ್ಜ ಒಂದು ಪ್ಲೇಟು ಕೊಡಿಸಿ, "ತಿನ್ನು, ಇದು ಚೀನಾದವರದ್ದು" ಅಂದರು. ಬೀದಿಯಲ್ಲಿ ನಿಂತು ತಿನ್ನಲು ನಾಚಿಕೆಯಾಗಿ ನಾನು ಗೋಡೆಯ ಕಡೆ ಮುಖ ಮಾಡಿ ತಿಂದೆ. ಕೆಂಪು ಬಣ್ಣ ಬೆರಳಿನಿಂದ ಎರಡು ದಿನ ಹೋಗಲಿಲ್ಲ. ಪರದೇಶದ ವಸ್ತು ಗಟ್ಟಿಯೇ ಇರಬೇಕು ಎಂದುಕೊಂಡೆ.

ಗೋಡೆಯ ಕಡೆ ಮುಖ ಮಾಡಿ ತಿನ್ನುವುದು ನನಗೆ ಹೊಸತಲ್ಲ. ನಮ್ಮ ಮನೆಗಳಲ್ಲಿ ಹೆಂಗಸರು ಎಲ್ಲರದ್ದೂ ಆದಮೇಲೆ ಉಣ್ಣುವುದು. ಅಜ್ಜ ಇದ್ದಾಗ, "ನೀನೂ ಬಡಿಸಿಕೊಂಡು ಕೂತ್ಕೋ" ಎಂದು ಅವರಾದರೂ ಹೇಳುತ್ತಿದ್ದರು. ಅವರು ಹೋದಮೇಲೆ ಹೇಳುವವರಿಲ್ಲ. ಅಡುಗೆಮನೆಯಲ್ಲಿ ಕಟ್ಟೆಗೆ ಒರಗಿ ನಿಂತು ಎರಡು ತುತ್ತು ಬಾಯಿಗೆ ಹಾಕಿಕೊಂಡರೆ ಮುಗಿಯಿತು. ಬಹ್ರೈನಿಗೆ ಬಂದು ಎರಡು ವರ್ಷವಾಯಿತಲ್ಲ, ಹಮದ್ ಟೌನಿನ ಈ ಮನೆಯಲ್ಲಿ ಆರು ಕುರ್ಚಿಯ ಮೇಜು ಇದೆ. ನಿಮ್ಮ ಅಮ್ಮ ದಿನಾ ಕರೆಯುತ್ತಿದ್ದಳು, "ಅಮ್ಮ, ಬಾ, ಒಟ್ಟಿಗೆ ಕೂರುವ." ನಾನು, "ನಿಮ್ಮದಾಗಲಿ" ಎನ್ನುತ್ತಿದ್ದೆ. ಒಂದು ಸಲ ಅವಳಿಗೆ ಕಣ್ಣಲ್ಲಿ ನೀರೇ ಬಂತು. "ನಾನೇನು ನಿನ್ನನ್ನು ಕೆಲಸಕ್ಕೆ ಕರ್ಕೊಂಡು ಬಂದದ್ದಾ?" ಎಂದು ಕೇಳಿದಳು. ನಾನು ಪಾತ್ರೆ ತೊಳೆದೆ. ಅದ್ವಿತ್, ನೀನಂತೂ ಶಾಲೆಯಲ್ಲಿ ನಮ್ಮ ಮನೆಯವರ ಚಿತ್ರ ಬರೆ ಅಂದಾಗ ನಾಲ್ವರನ್ನು ಮೇಜಿನ ಸುತ್ತ ಕೂರಿಸಿ, ನನ್ನನ್ನು ಫ್ರಿಜ್ಜಿನ ಪಕ್ಕ ನಿಲ್ಲಿಸಿ ಬರೆದಿದ್ದೆ. ಫ್ರಿಜ್ಜು ನನಗಿಂತ ಚೆನ್ನಾಗಿ ಬಂದಿತ್ತು.

ಹೀಗಿರುವಾಗ ಸಾನ್ವಿ ಒಂದು ದಿನ ಫೋನು ನೋಡುತ್ತಾ ಘೋಷಣೆ ಮಾಡಿದಳು. "ಅಮ್ಮಮ್ಮ, ಗೋಬಿ ಮಂಚೂರಿಯನ್ ಚೈನೀಸೇ ಅಲ್ಲ. ಇಂಡಿಯಾದವರೇ ಮಾಡಿದ್ದು. ನಾವು ಅಥೆಂಟಿಕ್ ಹುಡುಕಬೇಕು."

ನಿಮ್ಮ ಅಜ್ಜ ನನಗೆ ಸುಳ್ಳು ಹೇಳಿದ ಹಾಗಾಯಿತಲ್ಲ! ಅವರೂ ಪಾಪ ಗೊತ್ತಿಲ್ಲದೇ ಹೇಳಿದ್ದು.

ಶುಕ್ರವಾರದ ರಜೆಗೆ ನಿಮ್ಮ ಅಪ್ಪ ಮನಾಮದ ಒಂದು ಚೈನೀಸ್ ಹೋಟೆಲಿಗೆ ಕರೆದುಕೊಂಡು ಹೋದರು. ಬಾಗಿಲಲ್ಲಿ ಕೆಂಪು ಗೂಡುದೀಪ, ಗೋಡೆಯ ಮೇಲೆ ಬಂಗಾರದ ಡ್ರ್ಯಾಗನ್. ಒಳಗಿನಿಂದ ಬಂದ ಒಗ್ಗರಣೆಯ ಪರಿಮಳ ಮಾತ್ರ ಬಹಳ ಪರಿಚಯದ್ದು. ನನ್ನ ಸೀರೆ ಕಂಡು ಅಡುಗೆಯವರು ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. "ನಿಮ್ಗೆ ಊರ್ ಎಲ್ಲಾಯ್ತ್ ಅಮ್ಮ?"

ಡ್ರ್ಯಾಗನ್ನೇ ಬಾಯಿ ಬಿಟ್ಟು ಕುಂದಾಪುರದ ಕನ್ನಡ ಮಾತಾಡಿದಷ್ಟು ಗಾಬರಿಯಾಯಿತು ನನಗೆ. ಅವರು ಕೋಟೇಶ್ವರದವರು. "ನಾನ್ ಚೀನಾ ಕಂಡವನಲ್ಲ ಮಾರಾಯ್ರೆ, ಬೊಂಬಾಯಿಯಲ್ಲಿ ಕಲ್ತದ್ದ್" ಎಂದು ನಕ್ಕು, ನನಗೋಸ್ಕರ ಒಳಗಿನಿಂದ ಅವರದೇ ಊಟದ ಡಬ್ಬಿಯ ನಿಂಬೆ ಉಪ್ಪಿನಕಾಯಿ ತಂದುಕೊಟ್ಟರು. ಸಾನ್ವಿಯ ಮುಖ ಮಾತ್ರ ಬಾಡಿಹೋಗಿತ್ತು. ಎರಡನೇ ಶುಕ್ರವಾರ ಹೋದ ಹೋಟೆಲಿನಲ್ಲಿ ಅಡುಗೆ ನೇಪಾಳದವರದ್ದು. ಮೂರನೆಯದರಲ್ಲಿ ಕೇಳಲು ಯಾರಿಗೂ ಧೈರ್ಯ ಬರಲಿಲ್ಲ.

ಈ ಕಥೆಯನ್ನು ನಿಮ್ಮ ಅಪ್ಪ ಡಿಪ್ಲೊಮ್ಯಾಟಿಕ್ ಏರಿಯಾ ಎಂಬಲ್ಲಿರುವ ತಮ್ಮ ಆಫೀಸಿನಲ್ಲಿ ಹೇಳಿದರಂತೆ. ಅಲ್ಲಿ ಅವರ ಜೊತೆ ಕೆಲಸ ಮಾಡುವ ಲಿನ್ ಎಂಬ ಚೀನಾದ ಹೆಂಗಸು ಹೊಟ್ಟೆ ಹಿಡಿದುಕೊಂಡು ನಕ್ಕು, "ಮುಂದಿನ ಶುಕ್ರವಾರ ಮಧ್ಯಾಹ್ನ ಎಲ್ಲರೂ ನಮ್ಮ ಮನೆಗೆ ಬನ್ನಿ, ಅಮ್ಮನೂ ಬರಬೇಕು" ಎಂದು ಕರೆದರಂತೆ.

ಅಮ್ಮನೂ ಎಂದರೆ ನಾನು. ನನಗೆ ಮೂರು ದಿನ ನಿದ್ರೆ ಇಲ್ಲ. ಪರರ ಮನೆ, ಮೇಲಾಗಿ ಮೇಜಿನ ಊಟ. ಏನು ಬೇಯಿಸುತ್ತಾರೋ ಎಂಬ ಹೆದರಿಕೆ ಬೇರೆ. ಚಿಪ್ಪಿಕಲ್ಲು, ಏಡಿ, ಸಿಗಡಿ ಯಾವುದನ್ನೂ ಬಿಡದವಳು ನಾನು, ಚೀನಾದವರು ಏನೇನೋ ತಿನ್ನುತ್ತಾರಂತೆ ಎಂದು ಹೆದರಿದ್ದನ್ನು ಈಗ ನೆನೆದರೆ ನಗು ಬರುತ್ತದೆ. ಆಗ ಬರಲಿಲ್ಲ. ಯಾರಿಗೂ ಕಾಣದ ಹಾಗೆ ಒಂದು ಸ್ಟೀಲಿನ ಡಬ್ಬಿಯಲ್ಲಿ ಅವಲಕ್ಕಿ ತುಂಬಿಸಿ ಬ್ಯಾಗಿನ ಅಡಿಗೆ ಇಟ್ಟುಕೊಂಡೆ.

ಲಿನ್ ಮನೆಯಲ್ಲಿ ಅವರ ಗಂಡ, ಪುಟ್ಟ ಮಗಳು. ಚಪ್ಪಲಿ ಹೊರಗೇ ಬಿಡಬೇಕು ಎಂದಾಗ ನನಗೆ ಅರ್ಧ ಸಮಾಧಾನವಾಯಿತು. ದುಂಡು ಮೇಜಿನ ಮೇಲೆ ಮೊದಲು ಬಂದದ್ದು ಒಂದು ದೊಡ್ಡ ಪಾತ್ರೆ. ಮುಚ್ಚಳ ತೆಗೆದರು. ನಾನು ಬಗ್ಗಿ ನೋಡಿದೆ, ಮತ್ತೆ ಕಣ್ಣುಜ್ಜಿ ನೋಡಿದೆ.

ಗಂಜಿ!

ಕುಚ್ಚಲಕ್ಕಿಯದ್ದಲ್ಲ, ಬಿಳಿ ಅಕ್ಕಿಯದ್ದು ಅನ್ನುವುದೊಂದು ಬಿಟ್ಟರೆ ನಮ್ಮದೇ ಗಂಜಿ. ಪಕ್ಕದಲ್ಲಿ ಉಪ್ಪಿಗೆ ಹಾಕಿದ ಸಾಸಿವೆ ಸೊಪ್ಪು, ಹುರಿದ ಕಡಲೆಬೀಜ. ಲಿನ್ ಅವರದೂ ಸಮುದ್ರದ ಬದಿಯ ಊರಂತೆ, ಅಲ್ಲಿ ಹೀಗೇ ಅಂತೆ. ಹುಷಾರಿಲ್ಲದವರು ಮಾತ್ರ ಕುಡಿಯುವುದು ಎಂದು ಮನೆಯಲ್ಲಿ ಗಂಜಿ ಕಂಡರೆ ಮೂಗು ಮುರಿಯುತ್ತಿದ್ದ ಸಾನ್ವಿ, ಮೂರು ಶುಕ್ರವಾರ ಊರೆಲ್ಲ ಹುಡುಕಿದ ಅಥೆಂಟಿಕ್ಕನ್ನು ಬಾಯಿ ಬಿಟ್ಟು ನೋಡುತ್ತಿದ್ದಳು.

ಎಲ್ಲರೂ ಕೂತರು. ನಾನು ಅಭ್ಯಾಸದಂತೆ ಮೆಲ್ಲಗೆ ಸರಿದು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತೆ. ಬಡಿಸಲು ಸೌಟು ಹುಡುಕಿದೆ. ತಿರುಗಿದರೆ, ಯಾರೂ ಊಟದ ಕಡ್ಡಿ ಎತ್ತಿಲ್ಲ. ಲಿನ್ ಅವರ ಪುಟ್ಟ ಮಗಳು ಕೂಡ ಕೈ ಮಡಿಲಲ್ಲಿಟ್ಟು ನನ್ನನ್ನೇ ನೋಡುತ್ತಿದ್ದಾಳೆ.

"ಸುರು ಮಾಡಿ, ನಂದು ಆಮೇಲೆ" ಎಂದೆ. ಸಾನ್ವಿ ಇಂಗ್ಲಿಷಿನಲ್ಲಿ ಹೇಳಿದಳು. ಲಿನ್ ಏನೋ ಹೇಳಿದರು. ಸಾನ್ವಿ ನಾಚಿ ನನ್ನ ಕಡೆ ತಿರುಗಿದಳು. "ಅಮ್ಮಮ್ಮ, ಅವರಲ್ಲಿ ಮನೆಯ ಹಿರಿಯರು ಮೊದಲು ತಿನ್ನಬೇಕಂತೆ. ನೀನು ತಿನ್ನದೆ ಯಾರೂ ತಿನ್ನುವ ಹಾಗಿಲ್ವಂತೆ."

"ಹಿರಿಯರು ಯಾರು?" ಎಂದು ಕೇಳಿದೆ. ನಿಜವಾಗಿಯೂ ಕೇಳಿದೆ ಮಕ್ಕಳೇ, ಹಿಂದೆ ಯಾರಾದರೂ ನಿಂತಿದ್ದಾರಾ ಎಂದು ನೋಡಿದೆ ಕೂಡ.

ಗಂಜಿ ಆರುತ್ತಿತ್ತು. ಹಸಿದ ಮಗು ಎಂಜಲು ನುಂಗುವುದು ಕಾಣುತ್ತಿತ್ತು. ನಿಮ್ಮ ಅಮ್ಮ ಪಕ್ಕದ ಖಾಲಿ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದಳು, ಅಷ್ಟೇ. ಎರಡು ವರ್ಷ ಅವಳು ಕರೆದು ಕರೆದು ಸೋತದ್ದು ಇಂಥದ್ದೇ ಒಂದು ಕುರ್ಚಿಗೆ. ಹೋಗಿ ಕೂತೆ.

ಕೂತ ಮೇಲೆ ಬಂತು ಇನ್ನೊಂದು. ಉದ್ದದ ತಟ್ಟೆಯಲ್ಲಿ ಇಡೀ ಮೀನು, ಹಬೆಯಲ್ಲಿ ಬೇಯಿಸಿ, ಮೇಲೆ ಶುಂಠಿಯ ಎಳೆ ಹಾಕಿದ್ದು. ಇಟ್ಟ ಮೇಲೆ ಲಿನ್ ಆ ತಟ್ಟೆಯನ್ನು ಬೇಕೆಂದೇ ತಿರುಗಿಸಿ, ಮೀನಿನ ತಲೆಯನ್ನು ನನ್ನ ಕಡೆ ಮಾಡಿದರು. ದೊಡ್ಡವರಿಗೆ ಕೊಡುವ ಮರ್ಯಾದೆಯಂತೆ ಅದು.

ನಮ್ಮಲ್ಲಿ ಮೀನಿನ ತಲೆ ಯಜಮಾನರದ್ದು. ಗದ್ದಲವಿಲ್ಲದೆ, ಯಾರೂ ಹೇಳಿಕೊಡದೆ, ನಲವತ್ತು ವರ್ಷ ನಾನು ತಲೆಯ ತುಂಡನ್ನು ನಿಮ್ಮ ಅಜ್ಜನ ಬಟ್ಟಲಿಗೆ ಹಾಕಿದ್ದೇನೆ. ಅವರು ಹೋದಮೇಲೆ ನಿಮ್ಮ ಅಪ್ಪನ ಬಟ್ಟಲಿಗೆ. ಅದರ ರುಚಿ ಹೇಗೆಂದು ನನಗೆ ಗೊತ್ತಿರಲಿಲ್ಲ. ಈಗ ಆ ಮೀನು ನನ್ನನ್ನು ನೋಡುತ್ತಿತ್ತು, ನಾನು ಮೀನನ್ನು. ಇಬ್ಬರಿಗೂ ಆಘಾತ. ಕಡ್ಡಿ ಹಿಡಿಯಲು ಬರದು ಎಂದು ಕೈ ಆಡಿಸಿದೆ, ಪಿಂಗಾಣಿ ಚಮಚ ಕೊಟ್ಟರು. ಕೆನ್ನೆಯ ಹತ್ತಿರದ ಮೆತ್ತನೆಯ ತುಂಡು ತೆಗೆದು ಬಾಯಿಗಿಟ್ಟೆ. ಅಯ್ಯೋ ದೇವರೇ, ಇಷ್ಟು ವರ್ಷ ಈ ಗಂಡಸರು ಬಾಯಿ ಮುಚ್ಚಿಕೊಂಡು ತಿಂದದ್ದು ಇದನ್ನಾ!

ನಾನು ನುಂಗಿದ್ದೇ ತಡ, ಆರು ಕೈಗಳು ಒಟ್ಟಿಗೆ ಮೇಜಿನ ಮೇಲೆ ಬಂದವು. ನಿಮ್ಮ ಅಮ್ಮ ಮಾತ್ರ ಸ್ವಲ್ಪ ಹೊತ್ತು ತಲೆ ತಗ್ಗಿಸಿ ಗಂಜಿಯನ್ನೇ ಕಲಕುತ್ತಿದ್ದಳು.

ಬ್ಯಾಗಿನ ಅವಲಕ್ಕಿಯನ್ನು ಮನೆಗೆ ಬರುವಾಗ ಹಮದ್ ಟೌನಿನ ಎರಡನೇ ವೃತ್ತ ದಾಟುವಷ್ಟರಲ್ಲಿ ಅದ್ವಿತ್ ಮುಗಿಸಿದ್ದ. "ಇದು ಯಾಕೆ ತಂದದ್ದು ಅಮ್ಮಮ್ಮ?" ಎಂದು ಕೇಳಿದ. "ನಿನಗೇ" ಎಂದುಬಿಟ್ಟೆ. ಇವತ್ತು ಇಲ್ಲಿ ನಿಜ ಬರೆದಿದ್ದೇನೆ.

ಅವತ್ತಿನಿಂದ ನಾನೂ ಮೇಜಿಗೆ ಕೂರುತ್ತೇನೆ. ಸಾನ್ವಿ ಮೀನಿನ ತಟ್ಟೆ ತಿರುಗಿಸಿ ಇಡುತ್ತಾಳೆ. ನಿಮ್ಮ ಅಪ್ಪ ತಲೆಯನ್ನು ಆಸೆಯಿಂದ ನೋಡಿ ಬಾಲದ ತುಂಡು ಹಾಕಿಕೊಳ್ಳುತ್ತಾರೆ. ಒಂದೇ ಒಂದು ಕಷ್ಟವಿದೆ, ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಕೊನೆಗೆ ಉಣ್ಣುವವಳಿಗೆ ಸಾರಿಗೆ ಉಪ್ಪು ಕಮ್ಮಿಯೋ ಹೆಚ್ಚೋ ಎಂದು ಉಳಿದವರೆಲ್ಲ ಹೇಳಿ ಮುಗಿಸಿರುತ್ತಾರೆ. ಮೊದಲು ಉಣ್ಣುವವಳ ಮುಖವನ್ನು ನಾಲ್ಕು ಜನ ನೋಡುತ್ತಿರುತ್ತಾರೆ. ಮೊನ್ನೆ ಉಪ್ಪು ಹಾಕಲು ಪೂರ್ತಿ ಮರೆತಿದ್ದೆ. ಮುಖ ಸ್ವಲ್ಪವೂ ಅಲುಗಿಸದೆ ನುಂಗಿ, "ಬಹಳ ಒಳ್ಳೆಯದಾಗಿದೆ, ಸುರು ಮಾಡಿ" ಎಂದೆ.